ಇನ್ನೂ ಹುಟ್ಟದ ಕಣ್ಣು

ಏಳನೇ ತಿಂಗಳು ಮುಗಿದಿರಲಿಲ್ಲ. ಬದನಗುಪ್ಪೆಯ ಕಾರ್ಖಾನೆಯಲ್ಲಿ ಅಂಗಿಗಳ ಹೊಲಿಗೆ ಪರೀಕ್ಷಿಸುತ್ತ ನಿಂತಿದ್ದೆ. ಕಾಲು ಒದ್ದೆಯಾಯಿತು. ಯಾರು ನೀರು ಚೆಲ್ಲಿದರು ಎಂದು ಸುತ್ತ ನೋಡಿದೆ.

ನೀರು ನನ್ನದೇ.

ಅಂದೇ ಚಾಮರಾಜನಗರದ ಆಸ್ಪತ್ರೆಯಲ್ಲಿ ಮಗಳು ಹುಟ್ಟಿದಳು. ಒಂದು ಕೆಜಿ ಮುನ್ನೂರು ಗ್ರಾಂ. ಎನ್‌ಐಸಿಯುನಲ್ಲಿ ಅವಳ ಮೂಗಿಗೆ ಆಕ್ಸಿಜನ್, ಪಾದಕ್ಕೆ ಕೆಂಪು ದೀಪ. ತಪ್ಪು ಹುಡುಕುವುದೇ ನನ್ನ ಉದ್ಯೋಗ, ಪ್ರಶ್ನೆ ಕೇಳದೆ ಇರಲಾರೆ. ಆ ದೀಪ ಏನು ಅಳೆಯುತ್ತದೆ, ಹಾಲು ಯಾಕೆ ಕೊಳವೆಯಲ್ಲಿ ಎಂದು ನರ್ಸ್‌ಗಳ ತಲೆ ತಿಂದೆ. ಕೇಳುತ್ತಿದ್ದಷ್ಟು ಹೊತ್ತು ಹೆದರಿಕೆ ಸ್ವಲ್ಪ ದೂರ ಇರುತ್ತಿತ್ತು.

ಒಂದನ್ನು ಮಾತ್ರ ಕೇಳಲಿಲ್ಲ. ಮೂರು ವಾರದ ಮೇಲೆ ಕೊಟ್ಟ ಡಿಸ್‌ಚಾರ್ಜ್ ಚೀಟಿಯಲ್ಲಿ ‘ಆರ್‌ಒಪಿ ಸ್ಕ್ರೀನಿಂಗ್’ ಎಂದು ಬರೆದು, ಮುಂದಿನ ವಾರದ ದಿನಾಂಕ ಹಾಕಿದ್ದರು. ಕಣ್ಣು ತೋರಿಸಬೇಕಂತೆ. ಮಗಳ ಕಣ್ಣು ನೇರಳೆ ಹಣ್ಣಿನ ಹಾಗೆ ಹೊಳೆಯುತ್ತಿತ್ತು. ತಲೆಯಾಡಿಸಿ ಗುಂಡ್ಲುಪೇಟೆಯ ತವರಿಗೆ ಬಂದೆ.

ಅವ್ವ ಬಾಣಂತನಕ್ಕೆ ಕೋಣೆ ಸಿದ್ಧ ಮಾಡಿದ್ದಳು. ಮೂರು ತಿಂಗಳು ತಾಯಿ ಮಗು ಹೊಸ್ತಿಲು ದಾಟುವಂತಿಲ್ಲ, ಗಾಳಿ ಸೋಕುತ್ತದೆ. ನಮ್ಮ ಮನೆಯಲ್ಲಿ ಅದಕ್ಕೆ ಎದುರು ಮಾತಿಲ್ಲ. ಚೀಟಿಯ ದಿನ ಬಂತು. ಅವ್ವ ಬಿಡಲಿಲ್ಲ. ನಾನೂ ಹಠ ಹಿಡಿಯಲಿಲ್ಲ. ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುವುದು ಅದಕ್ಕೆ.

ಮರುದಿನ ಕಣ್ಣಿನ ಡಾಕ್ಟರೇ ಫೋನ್ ಮಾಡಿದರು. ಕಣ್ಣು ಚೆನ್ನಾಗೇ ಇದೆ ಮೇಡಂ ಎಂದೆ.

“ನಿಮಗೆ ಕಾಣೋದು ಮುಂಭಾಗ ಅಷ್ಟೇ ಅಮ್ಮ. ಹಿಂದಿನ ಪರದೆಯ ರಕ್ತನಾಳ ಹೊಟ್ಟೆಯೊಳಗೇ ಬೆಳೆದು ಮುಗೀಬೇಕಿತ್ತು. ಈಗ ಹೊರಗೆ ಬೆಳೀತಾ ಇದೆ. ಅಡ್ಡಾದಿಡ್ಡಿ ಬೆಳೆದರೆ ಕಣ್ಣು ಕಾಣದೆ ಹೋಗಬಹುದು. ಬೇಗ ಕರೆತನ್ನಿ.”

ಕಾಣದೆ ಹೋಗಬಹುದು.

ಕೇಳಿದ್ದನ್ನೆಲ್ಲ ಅವ್ವನಿಗೆ ಹೇಳಿದೆ. ಅವಳು ಮಗುವಿನ ಕಾಲುಚೀಲ ಸರಿಮಾಡಿದಳು.

“ಅಂಗಾರೆ ಕಣ್ಣು ಇನ್ನೂವೆ ಒಟ್ಟೆವಳಗೇ ಅದೆ ಅನ್ನು.”

ಹೂಂ ಎಂದೆ.

“ಒಟ್ಟೇಲಿದ್ದಾಗ ದಿನಾ ಬಸ್ಸತ್ತಿ ಕೆಲಸಕ್ಕೆ ಓಯ್ತಿದ್ದೆ. ಆಗ ಗಾಳಿ ಸೋಕ್ತಾ? ಎದೆಗೆ ಕಟ್ಕೊ ಕಣಮ್ಮಿ, ಓಗನ.”

ಆಸ್ಪತ್ರೆಯಲ್ಲಿ ಕಲಿಸಿದ್ದಂತೆ ಮಗಳನ್ನು ರವಿಕೆಯೊಳಗೆ, ಎದೆಗೆ ಅಂಟಿಸಿ ಕಟ್ಟಿಕೊಂಡೆ. ಮೇಲೆ ಸೆರಗು. ಬಸ್ಸಿನ ಕಿಟಕಿಗೆ ಅವ್ವ ತಾನೇ ಅಡ್ಡ ಕೂತಳು.

ಡಾಕ್ಟರ್ ಕಣ್ಣು ಪರೀಕ್ಷಿಸಿ, ರಕ್ತನಾಳದ ಬೆಳವಣಿಗೆ ನಿಧಾನವಾಗಿದೆ, ಎರಡು ವಾರಕ್ಕೊಮ್ಮೆ ನೋಡಬೇಕು ಎಂದರು. ಹೋದೆವು. ಮೂರನೇ ಸಲ ಡಾಕ್ಟರ್ ದೀಪ ಆರಿಸಿ, ನಾಳಗಳು ಅಂಚು ಮುಟ್ಟಿವೆ, ಲೇಸರ್ ಚಿಕಿತ್ಸೆ ಬೇಡ, ವರ್ಷ ತುಂಬಿದಾಗ ಮತ್ತೆ ತೋರಿಸಿ ಎಂದರು. ಅಂಚಿನವರೆಗೆ ಹೊಲಿಗೆ ಬಂದಿದೆಯೇ ಎಂದು ಸಾವಿರಾರು ಅಂಗಿ ನೋಡಿದವಳು ನಾನು. ಅಲ್ಲೇ ಕೂತು ಅತ್ತೆ.

ಮುಂದಿನ ವಾರ, ಮೊದಲು ಗೊತ್ತು ಮಾಡಿದ್ದ ಹೆರಿಗೆಯ ದಿನ ಬಂತು. ಅವ್ವ ಬೆಳಿಗ್ಗೆಯೇ ಹಂಡೆಗೆ ಉರಿ ಹಾಕಿದಳು. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಅರಿಶಿನ ಹಚ್ಚಿದಳು.

“ಇವತ್ತುಟ್ಟುದ್ಲು ಕಣಮ್ಮಿ ನಿನ್ನ ಮಗ್ಳು. ಇನ್ನು ಮೂರು ತಿಂಗ್ಳು ಒಸ್ತಿಲು ದಾಟಿದ್ರೆ ಕಾಲ್ಮುರೀತೀನಿ.”

ತೊಡೆಯ ಮೇಲೆ ಮಲಗಿದ್ದ ಮಗಳು ಅವ್ವನ ಮುಖವನ್ನೇ ನೋಡುತ್ತಿದ್ದಳು.