ಜಟ್ಟಪ್ಪನ ಅಡಿಕೆ ಬೆಣೆ

ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ರಸ್ತೆಯಲ್ಲಿ ಜಟ್ಟಪ್ಪನ ಗ್ಯಾರೇಜು. ಮುಂದೆ ತಗಡಿನ ಶೆಡ್ಡು, ಅದರ ಬೆನ್ನಿಗೇ ಮನೆ. ಜಟ್ಟಪ್ಪ ಬಾಯಿಸತ್ತವ. ಗಿರಾಕಿಗಳಿಗೆ ಚಹಾ ಕೊಡುವವಳೂ, ಜೋರು ಮಾಡಿದವರ ಬಾಯಿ ಮುಚ್ಚಿಸುವವಳೂ ಹೆಂಡತಿ ದುರ್ಗಮ್ಮ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಬಂದ ಬೈಕುಗಳಿಗೆ ಒಂದು ಹೊಸ ಚಾಳಿ. ಇಳಿಜಾರಿನಲ್ಲಿ ಎಕ್ಸಿಲೇಟರ್ ಬಿಟ್ಟರೆ ಸೈಲೆನ್ಸರಿನೊಳಗೆ ಪಟಾಕಿ. ನಮ್ಮ ಕಡೆ ಇಳಿಜಾರಿಲ್ಲದ ರಸ್ತೆ ಎಲ್ಲಿದೆ ಹೇಳಿ?

“ಮನೆ ಹತ್ರ ಬಂದ್ರೆ ದನ ಕಣ್ಣಿ ಹರೀತದೆ ಮಾರಾಯ, ಎಂತಾದ್ರೂ ಮಾಡು” ಎಂದರು ಹೇರೂರಿನ ಶಾಂತಾರಾಮ ಹೆಗಡೆ.

ಜಟ್ಟಪ್ಪ ಹುಡುಕಿದ. ಏರ್ ಫಿಲ್ಟರಿನಿಂದ ಇಂಜಿನ್ನಿನ ಹೊಗೆ ಹೊರಡುವ ಬಾಯಿಗೆ ಒಂದು ರಬ್ಬರ್ ಪೈಪು; ಹಳೆಯ ಬೈಕುಗಳಲ್ಲಿ ಇರದಿದ್ದದ್ದು. ಅದನ್ನು ಅಮುಕಿ ಹಿಡಿದರೆ ಸದ್ದು ನಿಂತಿತು. ಕವಳದ ಸಂಚಿಯಿಂದ ಒಂದು ಅಡಿಕೆ ತೆಗೆದು, ಅಡಕತ್ತರಿಯಲ್ಲಿ ಕೆತ್ತಿ ಪೈಪಿಗೆ ಬೆಣೆ ಹೊಡೆದ. ಹೆಸರು ಹಬ್ಬಿ, ಯಲ್ಲಾಪುರದಾಚೆಯ ವಜ್ರಳ್ಳಿಯಿಂದಲೂ ಜನ ಬಂದರು. ಅಡಿಕೆ ಸೀಮೆಯಲ್ಲಿ ಬೆಣೆಗೇನು ಬರ?

ಮಳೆಗಾಲದಲ್ಲಿ ಶೆಡ್ಡಿನ ಬಾಯಿಗೆ ತಾಡಪಾಲು ಕಟ್ಟಿ, ಒಳಗೇ ಇಂಜಿನ್ ಓಡಿಸಿ ನೋಡುವುದು ಅವನ ರೂಢಿ. ದುರ್ಗಮ್ಮನಿಗೆ ಮೊದಲು ತಲೆನೋವು ಬಂತು, ಆಮೇಲೆ ಕೆಮ್ಮು, ಆಮೇಲೆ ಉಬ್ಬಸ. ಹೊಗೆಯಿಂದ ದೂರ ಇಡು ಎಂದರು ಡಾಕ್ಟರು. ಹೊಗೆ ಎಂದರೆ ಒಲೆಯದ್ದು, ಇನ್ನೇನು? ಅಂದಿನಿಂದ ಜಟ್ಟಪ್ಪನೇ ಅಡುಗೆಗೆ ನಿಂತ. ಅವಳನ್ನು ಒಲೆಯ ಹತ್ತಿರ ಸುಳಿಯಗೊಡದೆ, ಶೆಡ್ಡಿನಲ್ಲಿ ಕಂಬಳಿ ಹಾಸಿ ಬೆಳಗಿಂದ ಸಂಜೆವರೆಗೆ ಕೂರಿಸಿದ. ಪಾಪದವನ ಪ್ರೀತಿ ಅದು, ಅದರಲ್ಲಿ ಕಲಬೆರಕೆ ಇರಲಿಲ್ಲ.

ಮರುವರ್ಷ ಹುಬ್ಬಳ್ಳಿಯಲ್ಲಿ ಮೆಕ್ಯಾನಿಕ್ಕುಗಳಿಗೆ ತರಬೇತಿ ನಡೆಯಿತು. ಕಲಿಸುವವನು ಅದೇ ಪೈಪನ್ನು ಎತ್ತಿ ತೋರಿಸಿದ. ಇಂಜಿನ್ನಿನಲ್ಲಿ ಪೆಟ್ರೋಲು ಪೂರ್ತಿ ಸುಡುವುದಿಲ್ಲ. ಅರೆಬೆಂದ ವಿಷದ ಗಾಳಿ ಹೊರಗೆ ನುಗ್ಗಿದಾಗ ಅದರ ಬೆನ್ನಿಗೆ ಸೆಳೆತ ಹುಟ್ಟುತ್ತದೆ. ಆ ಸೆಳೆತಕ್ಕೆ ಕವಾಟ ತೆರೆದು, ಈ ಪೈಪಿನಿಂದ ಹೊಸ ಗಾಳಿ ಒಳಬರುತ್ತದೆ. ಊದುಗೊಳವೆಯಿಂದ ಊದಿದ ಒಲೆಯಂತೆ ಉಳಿದದ್ದು ಅಲ್ಲೇ ಸುಡುತ್ತದೆ. ಹೊಗೆ ಹಿಂದಕ್ಕೆ ಬಾರದಂತೆ ಕವಾಟ ತಡೆಯುತ್ತದೆ. “ಪಟ್ ಪಟ್ ಅಂದ್ರ ಸೈಲೆನ್ಸರ್ ಗ್ಯಾಸ್ಕೆಟ್ ಬದಲ್ ಮಾಡ್ರಿ. ಪೈಪ್ ಮುಚ್ಚಬ್ಯಾಡ್ರಿ. ಮುಚ್ಚಿದ್ರ ಕಣ್ಣಿಗೆ ಕಾಣದ ಹೊಗಿ ಹೆಚ್ಚಾಗ್ತದ.”

ಕಾಣದ ಹೊಗೆ. ಜಟ್ಟಪ್ಪನಿಗೆ ಮುಂದಿನದೇನೂ ಕೇಳಿಸಲಿಲ್ಲ. ಬಸ್ಸಿಳಿದವನೇ ತಾಡಪಾಲು ಕಿತ್ತೆಸೆದು, ದುರ್ಗಮ್ಮನನ್ನು ಎತ್ತಿಕೊಂಡು ಹೋಗಿ ಮನೆಯ ಹಿಂದಿನ ಜಗಲಿಯಲ್ಲಿ ಮಲಗಿಸಿದ. ಅವಳ ತೂಕ ಅವನಿಗೆ ಗೊತ್ತಾಗಲೇ ಇಲ್ಲ, ಅಷ್ಟು ಸೊರಗಿದ್ದಳು. ಕೈಗೆ ಸಿಕ್ಕ ಬೈಕುಗಳ ಬೆಣೆಯನ್ನೆಲ್ಲ ಕೇಳದೇ ಕಿತ್ತ. ಆದರೆ ಉಬ್ಬಸ ಇಳಿಯಲಿಲ್ಲ.

ನೋಡಲು ಬಂದ ಪಕ್ಕದ ಮನೆ ಪಾರ್ವತವ್ವನಿಗೆ ದುರ್ಗಮ್ಮ ಏದುತ್ತಲೇ ಹೇಳಿದಳು: “ಇವ್ರೇ ಒಲೆ ಮುಂದೆ ಕೂತ್ರು ಪಾರ್ವತವ್ವಾ. ನಂಗೆ ಹೊಗೆ ಸೋಕೂಕೆ ಬಿಡ್ಲಿಲ್ಲ. ಇಲ್ದಿದ್ರೆ ಯಾವಾಗ್ಲೋ ಹೋಗ್ತಿದ್ದೆ.”

ಒಳಗೆ ಗಂಜಿ ಕಾಯಿಸುತ್ತಿದ್ದ ಜಟ್ಟಪ್ಪ ಅದನ್ನು ಕೇಳಿದ. ನಿಜ ಹೇಳಬೇಕೆಂದು ಹೊರಗೆ ಬಂದವನು, ಅವಳ ಮುಖದ ಮೇಲಿನ ಹೆಮ್ಮೆ ನೋಡಿ ಗಂಜಿಯ ಬಟ್ಟಲನ್ನಷ್ಟೇ ಕೈಗಿಟ್ಟ. ಅವಳು ಸಾಯುವವರೆಗೂ ಹೇಳಲಿಲ್ಲ.