ಹನುಮನಹಳ್ಳಿಗೆ ಹೋಗಿಬಂದ ದ್ಯಾಮವ್ವನ ಫೋನು

ಎರಡು ವರ್ಷದ ಹಿಂದಿನ ಮಾತು. ಕುಷ್ಟಗಿಯಲ್ಲಿ ನನ್ನ ಮೊಬೈಲ್ ರಿಪೇರಿ ಅಂಗಡಿಗೆ ಅದು ಹನ್ನೊಂದನೆಯ ವರ್ಷ. ಬಕ್ರೀದ್‌ಗೆ ಇನ್ನು ಮೂರು ವಾರವಿತ್ತು. ಕುರಿ ವ್ಯಾಪಾರದ ದ್ಯಾಮವ್ವ ಬಂದು ಫೋನನ್ನು ಕೌಂಟರಿನ ಮೇಲೆ ಕುಕ್ಕಿದಳು.

“ಮಧ್ಯಾಹ್ನಕ್ಕ ಚಾರ್ಜ್ ಖಾಲಿ, ನೆಟ್ಟೂ ಖಾಲಿ. ಏನ್ ರಿಪೇರಿ ಮಾಡೀಯೋ ತಮ್ಮಾ?”

ಅವಳಿಗೆ ಇನ್ನೊಂದು ಕಾಟವೂ ಇತ್ತು. ಗಂಡ ತೀರಿಕೊಂಡ ಮೇಲೆ ಅವನ ವ್ಯಾಪಾರವನ್ನು ಅವಳೇ ನಡೆಸುತ್ತಿದ್ದಳು. ಹಟ್ಟಿಗೆ ಹೋಗಿ ಕುರಿ ನೋಡಿ, ಗಾಡಿ ತರುವಷ್ಟರಲ್ಲಿ ಮೈದುನ ಮರಿಯಪ್ಪ ಅದೇ ಹಟ್ಟಿಗೆ ನುಗ್ಗಿ ಕುರಿ ಹೇರಿಕೊಂಡು ಹೋಗಿರುತ್ತಿದ್ದ. ನಾಲ್ಕು ಸಲ ಹೀಗಾಗಿತ್ತು.

“ಇನ್ನೊಂದು ತಪ್ಪಿದ್ರ ನಾ ಕೂಲಿಗೆ ಹೋಗೂದ,” ಎಂದಳು.

ಲೊಕೇಶನ್ ಅನುಮತಿಗಳನ್ನು ತೆಗೆದು ನೋಡಿದೆ. ‘ಸಿಸ್ಟಮ್ ಸರ್ವಿಸ್’ ಎಂಬ ಸುಳ್ಳು ಹೆಸರಿನ ಆ್ಯಪ್ ಅವಳು ಹೋದ ಜಾಗವನ್ನೆಲ್ಲ ಯಾರಿಗೋ ಕಳಿಸುತ್ತಿತ್ತು. ಐಕಾನ್ ಇಲ್ಲ. ಡಿವೈಸ್ ಅಡ್ಮಿನ್ ಅಧಿಕಾರ ಬೇರೆ ಪಡೆದಿತ್ತು. ಅದನ್ನು ಕಿತ್ತುಕೊಳ್ಳದೆ ಆ್ಯಪ್ ಅಳಿಸಲು ಬರುವುದಿಲ್ಲ. ಅದು ಫೋನಿಗೆ ಸೇರಿದ ದಿನ ನೋಡಿ ಕಪಾಳಕ್ಕೆ ಹೊಡೆದಂತಾಯಿತು. ಅವತ್ತು ಡಿಸ್‌ಪ್ಲೇ ಬದಲಿಸಲು ಫೋನು ನನ್ನ ಅಂಗಡಿಯಲ್ಲೇ ಇತ್ತು. ಗಿರಾಕಿಯ ಪ್ಯಾಟರ್ನ್ ಲಾಕನ್ನು ಟೇಪಿನ ಮೇಲೆ ಬರೆದು ಫೋನಿನ ಬೆನ್ನಿಗೆ ಅಂಟಿಸುವುದು ನಮ್ಮ ರೂಢಿ. ‘ವೈನಿ ಫೋನ್ ಆತೇನ್ರಿ’ ಎಂದು ಅತ್ತಿಗೆಯ ಫೋನು ಕೇಳಿಕೊಂಡು ಬಂದ ಮರಿಯಪ್ಪನನ್ನು ಕೂರಿಸಿ, ಹೊಸ ಡಿಸ್‌ಪ್ಲೇ ಹಾಕಿದ ಫೋನನ್ನು ಅಲ್ಲೇ ಬಿಟ್ಟು, ನಾನೇ ಚಹಾ ತರಲು ಹೋಗಿದ್ದೆ. ನನ್ನ ಚಹಾ ಕುಡಿದು, ನನ್ನ ಕೌಂಟರಿನಲ್ಲೇ ಕೆಲಸ ಮುಗಿಸಿದ್ದ.

ಅಳಿಸಲು ಹೋದೆ. ದ್ಯಾಮವ್ವ ಕೈ ಹಿಡಿದಳು. “ತಗೀಬ್ಯಾಡ. ಅವ್ನೂ ಒಮ್ಮಿ ಬರೇ ಗಾಡಿ ಹೊಡ್ಕೊಂಡು ಬರ್ಲಿ.”

ಸಾಕ್ಷಿಗೆಂದು ಆ್ಯಪಿನ ಪರದೆಗಳ ಫೋಟೋ ತೆಗೆದುಕೊಂಡೆ. ಮರುದಿನ ಅವಳು ಫೋನಿಲ್ಲದೆ ಯಲಬುರ್ಗಾ ಬಸ್ ಹತ್ತಿದಳು. ನಾನು ಅವಳ ಫೋನನ್ನು ಜೇಬಿನಲ್ಲಿಟ್ಟುಕೊಂಡು ಹನುಮನಹಳ್ಳಿಗೆ ಹೋಗಿ, ಹನುಮಪ್ಪನ ಗುಡಿಯಿರುವ ಬೆಟ್ಟದ ಬುಡದ ಕಾಯಿ ಅಂಗಡಿಯ ನೆರಳಿನಲ್ಲಿ ಕುಳಿತೆ.

ಮಧ್ಯಾಹ್ನ ಮರಿಯಪ್ಪನ ಗಾಡಿ ಭಕ್ತರ ಕಾರುಗಳ ನಡುವೆ ಸಿಕ್ಕಿಕೊಂಡಿತು. ಇಳಿದು ಕುರಿ ಹುಡುಕಿದ. ಕಂಡದ್ದು ಬರೀ ಕೋತಿಗಳು. ಕೊನೆಗೆ ಫೋನ್ ಮಾಡಿದ.

“ವೈನಿ, ಆರಾಮ ಅದೀಯೇನು? ಎಲ್ಲಿದ್ದೀ?”

“ವೈನಿ ಯಲಬುರ್ಗಾದಾಗ ಕುರಿ ಹೇರಸಾಕತ್ಯಾಳ. ನಾ ರಿಪೇರಿ ಅಂಗಡಿಯಾಂವ. ಹಿಂದ ತಿರುಗು ಮಗನ, ಫೋಟೋ ಛಲೋ ಬರವಲ್ದು.”

ತಿರುಗಿದ. ಆ ಮುಖ ನೋಡಿದ ಸಂತೋಷ ಇವತ್ತಿಗೂ ಇದೆ.

ಸಂಜೆ ಠಾಣೆಯಲ್ಲಿ ದೂರು ಕೊಟ್ಟೆವು. ಪೊಲೀಸರು ಫೋನು ನೋಡಿದ ಮೇಲೆ ಅದನ್ನು ಪೂರ್ತಿ ರೀಸೆಟ್ ಮಾಡಿ, ಬೇರೆ ಫೋನಿನಿಂದ ಅವಳ ಪಾಸ್‌ವರ್ಡ್‌ಗಳನ್ನು ಬದಲಿಸಿದೆ. ‘ಮನಿ ಮಂದಿ, ಬಿಟ್ಟುಬಿಡು’ ಎಂದು ಹಿರಿಯರು ಬಂದರು. ದ್ಯಾಮವ್ವ ಬಿಡಲಿಲ್ಲ, ನಾನೂ ಬಿಡು ಎನ್ನಲಿಲ್ಲ.

ಈ ಕಸುಬು ನನಗೆ ಕಲಿಸಿದ್ದನ್ನು ಗಿರಾಕಿಗಳಿಗೆಲ್ಲ ಹೇಳುತ್ತೇನೆ: ನಿಮ್ಮ ಲಾಕನ್ನು ನೀವೇ ತೆಗೆಯಿರಿ, ಎದುರಿಗೇ ಕುಳಿತಿರಿ. ಯಾರನ್ನೂ ನಂಬಬೇಡಿ, ಮೊದಲು ನನ್ನನ್ನು.