ಬಸ್ಸು ಹತ್ತದ ಕಂಡಕ್ಟರು

ಹದಿನೇಳನೇ ನಂಬರಿನ ಬಸ್ಸಿನಲ್ಲಿ ಹದಿನೆಂಟು ವರ್ಷ ಟಿಕೆಟ್ ಹರಿದವಳಿಗೆ ಡಿಪೋದಲ್ಲಿ ಸೀಟಿಯಕ್ಕ ಅಂತಲೇ ಹೆಸರು. ಒಂದು ಸೀಟಿ ಊದಿದರೆ ಬಸ್ಸು ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಅದರ ನಡುವೆ ಯಾವ ದೊಡ್ಡ ಮನುಷ್ಯ ಬಂದು ಕೈ ಅಡ್ಡ ಹಿಡಿದರೂ ಆಕೆ ಕ್ಯಾರೇ ಅನ್ನುತ್ತಿರಲಿಲ್ಲ. ಒಮ್ಮೆ ಆಕೆ ಮನೆಯಲ್ಲಿ ಮರೆತ ಊಟದ ಡಬ್ಬಿ ಹಿಡಿದುಕೊಂಡು ಸ್ವಂತ ಗಂಡನೇ ಓಡೋಡಿ ಬರುತ್ತಿದ್ದ. ಇನ್ನು ಇಪ್ಪತ್ತು ಹೆಜ್ಜೆ ಇತ್ತು, ಅಷ್ಟೇ. ಹೊರಡುವ ಹೊತ್ತಾಗಿತ್ತು. ಅಕ್ಕ ಅವನ ಮುಖ ನೋಡಿಕೊಂಡೇ ಎರಡು ಸೀಟಿ ಊದಿ ಹೊರಟುಬಿಟ್ಟಳು. ಅವತ್ತು ಆಕೆಗೆ ಉಪವಾಸ. ಮನೆಗೆ ಯಾರು ಬಂದರೂ ಗಂಡ ಈ ಕತೆ ಹೇಳದೆ ಕಳಿಸುವುದಿಲ್ಲ.

ಆಕೆಯ ಡ್ರೈವರಣ್ಣನೂ ಅಂಥವನೇ. ಮುಂದೆ ರಸ್ತೆ ಖಾಲಿ ಇರಲಿ, ಹಿಂದಿನವರು ಹಾರನ್ ಹೊಡೆದು ಹೊಡೆದು ಸಾಯಲಿ, ಎರಡು ಸೀಟಿ ಕಿವಿಗೆ ಬೀಳದೆ ಅವನ ಕಾಲು ಕ್ಲಚ್ಚಿನಿಂದ ಏಳುತ್ತಿರಲಿಲ್ಲ. ಮಾತು ಕಮ್ಮಿ. ಹದಿನೆಂಟು ವರ್ಷದಲ್ಲಿ ಇಬ್ಬರೂ ಜಗಳ ಆಡಿದ್ದು ಎರಡೇ ಸಲ, ಎರಡು ಸಲವೂ ಕಿಟಕಿ ತೆಗೆಯಬೇಕೋ ಮುಚ್ಚಬೇಕೋ ಅನ್ನುವುದಕ್ಕೆ.

ನಲವತ್ತಾರನೇ ವಯಸ್ಸಿಗೆ ಅಕ್ಕನ ಮಂಡಿ ಕೈಕೊಟ್ಟಿತು. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ಮೈಯೆಲ್ಲ ಎಳೆದುಕೊಳ್ಳಬೇಕು, ಸಂಜೆ ಹೊತ್ತಿಗೆ ಮಂಡಿ ಊದಿ ಕುಂಬಳಕಾಯಿ. ಡಿಪೋ ಡಾಕ್ಟರು ಎರಡು ಬೆರಳಿನಲ್ಲಿ ಒತ್ತಿ ನೋಡಿ, ನಿಂತು ಮಾಡುವ ಕೆಲಸಕ್ಕೆ ಯೋಗ್ಯರಲ್ಲ ಅಂತ ಒಂದು ಕಾಗದ ಬರೆದು ಕೈ ತೊಳೆದುಕೊಂಡರು. ಮಾರನೆಯ ದಿನದಿಂದ ಅಕ್ಕನಿಗೆ ನಿಲ್ದಾಣದ ಮೂಲೆಯ ಕೌಂಟರು. ಜನ ಬಸ್ಸಿನಲ್ಲಿ ಮರೆತು ಹೋದ ಸಾಮಾನನ್ನು ಜೋಪಾನ ಮಾಡುವ ಕೆಲಸ. ನಲವತ್ತು ಕೊಡೆ, ಕನ್ನಡಕಗಳು, ಒಂಟಿ ಚಪ್ಪಲಿಗಳು, ಒಂದು ಹಲ್ಲುಸೆಟ್ಟು. ಹಲ್ಲು ಬಿಟ್ಟು ಇಳಿದುಹೋದ ಪುಣ್ಯಾತ್ಮ ಮನೆಗೆ ಹೋಗಿ ಏನು ತಿಂದನೋ, ಕೇಳಿಕೊಂಡಂತೂ ಬರಲಿಲ್ಲ.

ಕೌಂಟರಿನ ಕಿಟಕಿಯಿಂದ ಹದಿನೇಳು ಬರುವುದೂ ಹೋಗುವುದೂ ಕಾಣುತ್ತಿತ್ತು. ಬೇರೆ ಯಾರದೋ ಸೀಟಿ ಕೇಳಿದಾಗಲೆಲ್ಲ ಆಕೆಯ ಕೈ ತಾನಾಗಿ ಕತ್ತಿನ ಸೀಟಿಗೆ ಹೋಗುತ್ತಿತ್ತು. ಒಂದು ದಿನ ಗಂಡನ ಮುಂದೆ ಅತ್ತೇಬಿಟ್ಟಳು. ಆ ಕೊಡೆಗಳ ಜೊತೆ ನಾನೂ ಒಂದು ಕೊಡೆ ಆಗಿಬಿಟ್ಟೆ ಕಣ್ರೀ, ಯಾರೂ ಕೇಳಿಕೊಂಡು ಬರಲ್ಲ ಅಂದಳು. ಗಂಡ ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುವವನು, ಸಮಾಧಾನದ ಮಾತು ಅವನಿಗೆ ಬರುವುದಿಲ್ಲ. ಮಾರನೆಯ ದಿನ ಅರ್ಧ ರಜೆ ಹಾಕಿ ಆಕೆಯನ್ನು ಬೇರೊಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದ.

ಆ ಡಾಕ್ಟರಮ್ಮ ಮಂಡಿಯ ಎಕ್ಸ್‌ರೇ ತೆಗೆಸಿ ನೋಡಿ, ಮೂಳೆ ಸವೆದಿಲ್ಲ, ತೊಡೆಯಲ್ಲಿ ಬಲ ಇಲ್ಲ, ಭಾರವೆಲ್ಲ ಮಂಡಿಯ ಮೇಲೆ ಬೀಳ್ತಿದೆ, ನಡೀರಿ, ತೂಕ ಇಳಿಸಿ, ನಿಧಾನವಾಗಿ ಓಡೋದಾದರೂ ಓಡಿ ಅಂದರು. ಅಕ್ಕ ಆ ಚೀಟಿ ಹಿಡಿದು ನೆಟ್ಟಗೆ ಮ್ಯಾನೇಜರ ಕೋಣೆಗೆ ನುಗ್ಗಿದಳು. ಇನ್ನೊಂದು ಸಲ ಪರೀಕ್ಷೆ ಮಾಡಿಸಿ, ನನ್ನ ಬಸ್ಸು ನನಗೆ ಕೊಡಿ ಅಂತ ಕೇಳಿದಳು. ಮ್ಯಾನೇಜರು ಕೆಟ್ಟವರೇನಲ್ಲ, ಆದರೆ ಬಾಯಿಗೆ ಬೀಗ ಇಲ್ಲ. ಅವರ ಹಿಂದೆ ಗೋಡೆಯ ಮೇಲೆ ಇನ್ನು ಹತ್ತು ತಿಂಗಳಿಗೆ ನಡೆಯಲಿದ್ದ ಮ್ಯಾರಥಾನ್ ಓಟದ ಪೋಸ್ಟರು ಆಗಲೇ ಇತ್ತು. ಹದಿನೇಳರ ದಾರಿಯಲ್ಲೇ ಓಟ, ನಿಲ್ದಾಣದಿಂದ ಕೊನೇ ಸ್ಟಾಪಿಗೆ ಹೋಗಿ ವಾಪಸ್ಸು, ನಲವತ್ತೆರಡು ಕಿಲೋಮೀಟರು ಚಿಲ್ಲರೆ. ಹಿಂದೆ ಬಿದ್ದು ಸುಸ್ತಾದವರನ್ನು ಹತ್ತಿಸಿಕೊಂಡು ಬರುವುದಕ್ಕೆ ಡಿಪೋದಿಂದ ಒಂದು ಬಸ್ಸು.

"ಇದನ್ನ ಓಡಿ ಬನ್ನಿ," ಅಂದರು ಮ್ಯಾನೇಜರು, ಪೋಸ್ಟರು ತೋರಿಸಿ. "ನಿಮ್ಮ ಕಾಲ ಮೇಲೆ ನೀವು ಬಂದು ಓಟದ ಕೊನೇ ಗೇಟು ದಾಟಿದರೆ ಆ ಕಾಗದ ನಾನೇ ಹರೀತೀನಿ. ನಮ್ಮ ಬಸ್ ಹತ್ತಿ ಬಂದರೆ ಮಾತ್ರ ಕೌಂಟರೇ ಖಾಯಂ."

ಅವರು ಆಡಿದ್ದು ತಮಾಷೆಗೆ. ಅಕ್ಕ ಅದನ್ನು ಬರೆದುಕೊಟ್ಟ ಆರ್ಡರು ಅಂತ ತಿಳಿದು ಹೊರಗೆ ಬಂದಳು.

ಮೊದಲ ದಿನದ ಓಟ ಇತ್ತಲ್ಲ, ಅದನ್ನು ಓಟ ಅಂದರೆ ಓಟಕ್ಕೆ ಅವಮಾನ. ಮಗಳು ಎಲ್ಲೆಲ್ಲೋ ನೋಡಿ ಒಂದು ಪಟ್ಟಿ ಮಾಡಿಕೊಟ್ಟಿದ್ದಳು, ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಆ ಒಂದು ನಿಮಿಷದಲ್ಲೇ ಅಕ್ಕನಿಗೆ ಜೀವ ಬಾಯಿಗೆ ಬಂತು. ಬೆಳಗಿನ ಬ್ರೆಡ್ಡು ತರಲು ಹೊರಟ ಎದುರುಮನೆಯವರು ಗಾಬರಿಯಿಂದ, ನಾಯಿ ಅಟ್ಟಿಸಿಕೊಂಡು ಬಂತಾ ಅಂತ ಕೇಳಿದರು. ಇಲ್ಲ, ಮ್ಯಾನೇಜರು ಅಂದಳು ಅಕ್ಕ.

ಮೂರನೆಯ ವಾರಕ್ಕೆ ಇನ್ನೊಂದು ಪೀಕಲಾಟ ಶುರುವಾಯಿತು. ಆಕೆ ಓಡುತ್ತಿದ್ದದ್ದು ಹದಿನೇಳರ ದಾರಿಯಲ್ಲಿ, ಆ ದಾರಿಯ ಸ್ಟಾಪುಗಳು ಆಕೆಯ ಮೈಯೊಳಗೇ ಕೂತಿದ್ದವು. ಆಸ್ಪತ್ರೆ ಸ್ಟಾಪು ಬಂತೋ, ಕಾಲು ತಾನಾಗಿ ನಿಂತುಬಿಡುವುದು. ಸುಸ್ತಲ್ಲ, ಏದುಸಿರೂ ಅಲ್ಲ, ಸುಮ್ಮನೆ ನಿಲ್ಲುವುದು. ಶಾಲೆ ಸ್ಟಾಪಿನಲ್ಲೂ ಅಷ್ಟೇ, ನೀರಿನ ಟ್ಯಾಂಕಿನಲ್ಲೂ ಅಷ್ಟೇ. ಮಗಳು ಬೈದು ನೋಡಿದಳು. ಅಕ್ಕ ಕಣ್ಣು ಮುಚ್ಚಿ ದಾಟಲು ಹೋಗಿ ಕಸದ ಡಬ್ಬಿಗೆ ಗುದ್ದಿದಳು. ಕೊನೆಗೆ ಒಂದು ದಿನ ಸಿಟ್ಟು ಬಂದು, ರೂಢಿಗೆ ಕತ್ತಿನಲ್ಲಿ ನೇತಾಡುತ್ತಿದ್ದ ಹಳೇ ಸೀಟಿಯನ್ನು ಬಾಯಿಗಿಟ್ಟು ಎರಡು ಸಲ ಊದಿದಳು. ಕಾಲು ಹೊರಟೇಬಿಟ್ಟವು. ಆಮೇಲೆ ಆ ರಸ್ತೆಯವರಿಗೆ ಬೆಳಗಿನ ಅಲಾರಮ್ಮೇ ಬೇಡವಾಯಿತು.

ಹಾಗೆ ಸ್ಟಾಪು ಸ್ಟಾಪು ಅಂತಲೇ ಓಟ ಬೆಳೆಯಿತು. ಎರಡನೇ ತಿಂಗಳಿಗೆ ನಡುವೆ ನಡಿಗೆ ಇಲ್ಲದೆ ಶಾಲೆವರೆಗೆ, ನಾಲ್ಕನೆಯದಕ್ಕೆ ಸೇತುವೆವರೆಗೆ. ಐದನೇ ತಿಂಗಳು ಜಂಬ ಬಂದು, ಪಟ್ಟಿಯನ್ನು ಗಾಳಿಗೆ ತೂರಿ, ಒಂದೇ ಸಲಕ್ಕೆ ಹಳೇ ಮಿಲ್ಲಿನವರೆಗೂ ಓಡಿ ಬಂದಳು. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ಮನೆ ಹೇಳುತ್ತಾರಾ. ಮಂಡಿ ಮತ್ತೆ ಊದಿತು, ಎರಡು ವಾರ ಹಾಸಿಗೆ. ಎಲ್ಲ ಮುಗಿಯಿತು ಅಂತ ಆಕೆ ಗೋಡೆ ಕಡೆ ತಿರುಗಿ ಮಲಗಿದಳು. ಗಂಡ ಆಕೆಯ ಓಟದ ಬೂಟು ತೊಳೆದು, ಕಿತ್ತುಬಂದಿದ್ದ ಅಟ್ಟೆಗೆ ಪ್ರೆಸ್ಸಿನ ಗೋಂದು ಹಚ್ಚಿ, ಮೇಲೆ ಎರಡು ದಪ್ಪ ಪುಸ್ತಕ ಹೇರಿ ಕಿಟಕಿಯಲ್ಲಿ ಒಣಗಲು ಇಟ್ಟ. ಎದ್ದ ಮೇಲೆ ಅಕ್ಕ ಪಟ್ಟಿ ಮೀರಿ ಒಂದು ಹೆಜ್ಜೆಯೂ ಇಡಲಿಲ್ಲ. ಎಂಟನೇ ತಿಂಗಳಿಗೆ ಮಂಡಿಯ ನೋವು ಎಲ್ಲಿ ಹೋಯಿತು ಅಂತ ಹುಡುಕಿದರೂ ಸಿಗಲಿಲ್ಲ.

ಓಟದ ದಿನ ನಿಲ್ದಾಣದಲ್ಲಿ ಎರಡು ಸಾವಿರ ಜನ. ಹಿಂದೆ ಬರುವ ಬಸ್ಸು ಆಕೆಯ ಹದಿನೇಳೇ, ಸ್ಟೇರಿಂಗು ಹಿಡಿದು ಕೂತಿದ್ದವನು ಡ್ರೈವರಣ್ಣನೇ. ಅವನ ಪಕ್ಕ ಓಟದ ಕಡೆಯ ಒಬ್ಬ ಅಧಿಕಾರಿ, ಕೈಯಲ್ಲಿ ಹೆಸರಿನ ಪಟ್ಟಿ. ಅವರು ಮೈಕಿನಲ್ಲಿ ನಿಯಮ ಹೇಳಿದರು. ಈ ಬಸ್ಸು ಹಿಂದಿನಿಂದ ಮೆಲ್ಲಗೆ ಬರುತ್ತೆ, ಆಗದವರು ಹತ್ತಿಕೊಳ್ಳಿ, ಯಾರಿಗೂ ಕಾಯಲ್ಲ. ಬಸ್ಸು ವಾಪಸ್ಸು ನಿಲ್ದಾಣಕ್ಕೆ ಬಂತೆಂದರೆ ಓಟ ಮುಗೀತು, ಗೇಟು ಬಿಚ್ಚುತ್ತೀವಿ. ಅಕ್ಕ ಡ್ರೈವರಣ್ಣನ ಮುಖ ನೋಡಿದಳು. ಅವನು ಕನ್ನಡಿ ಸರಿಮಾಡಿಕೊಂಡ, ಅಷ್ಟೇ.

ಹೋಗುವಾಗ ಎಲ್ಲ ಚೆನ್ನಾಗಿತ್ತು. ಕೊನೇ ಸ್ಟಾಪಿನಲ್ಲಿ ತಿರುಗಿ ಬರುವಾಗ ಬಿಸಿಲು ಏರಿತು, ಜನ ತೆಳ್ಳಗಾದರು. ಸೇತುವೆ ದಾಟುವ ಹೊತ್ತಿಗೆ ರಸ್ತೆಯಲ್ಲಿ ಆಕೆ ಒಬ್ಬಳೇ, ಹಿಂದೆ ಬಸ್ಸಿನ ಸದ್ದು. ಆ ಸದ್ದು ಆಕೆಗೆ ಹೆತ್ತ ಮಗಳ ಕೆಮ್ಮಿನಷ್ಟು ಗುರುತು. ಗೇರು ಬದಲಾಯಿಸಿದ್ದೂ ತಿಳಿಯುತ್ತಿತ್ತು. ನೀರಿನ ಟ್ಯಾಂಕಿನ ಸ್ಟಾಪಿಗೆ ಬಂದಾಗ, ಇನ್ನು ಮೂರೇ ಕಿಲೋಮೀಟರು ಇದೆ ಅನ್ನುವಾಗ, ಎರಡೂ ಮೀನಖಂಡ ಹಿಡಿದುಕೊಂಡವು. ಅಕ್ಕ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕುಸಿದಳು.

ಬಸ್ಸು ಬಂದು ಆಕೆಯ ಪಕ್ಕದಲ್ಲೇ ನಿಂತಿತು. ಬಾಗಿಲು ತೆರೆದುಕೊಂಡಿತು. ಅಧಿಕಾರಿ ಮೆಟ್ಟಿಲ ಮೇಲೆ ಬಂದು, ಹತ್ತಿ ಅಮ್ಮ, ಸಾಕು ಅಂದರು. ಅಕ್ಕ ತಲೆ ಅಲ್ಲಾಡಿಸಿದಳು. ಹಾಗಾದರೆ ನಡೀರಿ, ಗಾಡಿ ಬಿಡಿ ಅಂತ ಅವರು ಡ್ರೈವರಣ್ಣನಿಗೆ ಹೇಳಿದರು. ಡ್ರೈವರಣ್ಣ ಸ್ಟೇರಿಂಗಿನ ಮೇಲೆ ಕೈಕಟ್ಟಿ ಕೂತ.

"ಕಂಡಕ್ಟರು ಸೀಟಿ ಹಾಕದೆ ಗಾಡಿ ಹೊರಡಲ್ಲ ಸಾರ್. ರೂಲು."

ಯಾವ ಕಂಡಕ್ಟರು ಅಂತ ಕೇಳಿದರು ಅಧಿಕಾರಿ. ಡ್ರೈವರಣ್ಣ ಬೆಂಚಿನ ಕಡೆ ಗದ್ದ ಎತ್ತಿ ತೋರಿಸಿದ.

ಅಕ್ಕನಿಗೆ ಅರ್ಥವಾಯಿತು. ಬಸ್ಸು ಹೋಗದಿದ್ದರೆ ಗೇಟು ಬಿಚ್ಚುವುದಿಲ್ಲ. ಆಕೆ ಬೇಕಾದಷ್ಟು ಹೊತ್ತು ಕಾಲು ತಿಕ್ಕಿಕೊಂಡು ಕೂರಬಹುದು, ಎದ್ದು ಮೆಲ್ಲಗೆ ಹೋಗಬಹುದು, ಬಸ್ಸು ಹಿಂದೆಯೇ ಬರುತ್ತದೆ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಹದಿನೇಳು ಆಕೆಯದು. ಅಣ್ಣ ಬಾಯಿಬಿಟ್ಟು ಹೇಳಲಾರದ್ದನ್ನೆಲ್ಲ ಹೀಗೆ ಹೇಳಿದ್ದ. ಆಕೆಯ ಕಣ್ಣು ತುಂಬಿತು.

ತುಂಬಿದ ಕಣ್ಣಿನಲ್ಲೇ ಬಸ್ಸಿನೊಳಗೆ ನೋಡಿದಳು. ನೋಡಬಾರದಿತ್ತು, ಆದರೆ ಹದಿನೆಂಟು ವರ್ಷದ ಚಾಳಿ, ಬಸ್ಸು ನಿಂತರೆ ತಲೆ ಎಣಿಸುವುದು. ಒಂಬತ್ತು ಜನ. ಒಬ್ಬ ಹುಡುಗಿ ಬೂಟು ಬಿಚ್ಚಿ, ಬೊಬ್ಬೆ ಒಡೆದ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಸದ್ದಿಲ್ಲದೆ ಅಳುತ್ತಿದ್ದಳು. ಮುಂದಿನ ಸೀಟಿನಲ್ಲಿ ನರೆಗೂದಲಿನ ಒಬ್ಬರು ಕಂಬಿಗೆ ಹಣೆ ಒತ್ತಿ ಕೂತಿದ್ದರು, ತುಟಿ ಬಿಳಚಿತ್ತು. ಎಲ್ಲರಿಗೂ ಬೇಕಾದದ್ದು ನೆರಳು, ನೀರು, ಮನೆ. ಅವರ ಬಸ್ಸು ನಿಂತದ್ದು ಆಕೆಯೊಬ್ಬಳಿಗಾಗಿ. ಸ್ವಂತ ಗಂಡನಿಗೆ ನಿಲ್ಲಿಸದವಳು ಸ್ವಂತ ಕಾಲಿಗೆ ನಿಲ್ಲಿಸುವುದೇ?

ಅಕ್ಕ ಬೆಂಚು ಹಿಡಿದು ಎದ್ದಳು. ಸೀಟಿ ಬಾಯಿಗಿಟ್ಟು ಎರಡು ಸಲ ಊದಿದಳು.

ಡ್ರೈವರಣ್ಣ ಕದಲಲಿಲ್ಲ. "ತಂಗ್ಯಮ್ಮ, ಯೋಚನೆ ಮಾಡು," ಅಂದ.

ಆಕೆ ಮತ್ತೆ ಊದಿದಳು, ಈ ಸಲ ಜೋರಾಗಿ. ಬಸ್ಸು ಹೊರಟಿತು. ಅದೇ ಸೀಟಿಗೆ ಆಕೆಯ ಕಾಲೂ ಹೊರಟವು, ಅದು ಬೇರೆ ಮಾತು. ಅಳುತ್ತಾ, ಯಾರನ್ನೋ ಬೈಯುತ್ತಾ, ಕುಂಟುತ್ತಾ ಹೊರಟಳು. ಬಸ್ಸು ತಿರುವಿನಲ್ಲಿ ಮರೆಯಾಯಿತು.

ಶಾಲೆ ಸ್ಟಾಪಿನಲ್ಲಿ ಗಂಡ ಉಪ್ಪುಸಕ್ಕರೆ ನೀರು ಹಿಡಿದು ನಿಂತಿದ್ದ. ಬಸ್ಸು ಮುಂದೆ ಹೋದದ್ದನ್ನು ನೋಡಿದ್ದ, ಹೆಂಡತಿ ಒಳಗಿಲ್ಲದ್ದನ್ನೂ ನೋಡಿದ್ದ. ಆಕೆ ಏದುಸಿರಿನಲ್ಲಿ ನಡೆದದ್ದನ್ನು ಎರಡೇ ಮಾತಿನಲ್ಲಿ ಹೇಳಿದಳು. ಅವನು ಬಾಟಲಿ ಕೊಟ್ಟು, ಚಪ್ಪಲಿ ಕಾಲಿನಲ್ಲೇ ಪಕ್ಕದಲ್ಲಿ ಓಡತೊಡಗಿದ.

"ಅವತ್ತು ನನ್ನ ಬಿಟ್ಟು ಹೋದೆ," ಅಂದ. "ಇವತ್ತು ನಿನ್ನನ್ನೇ ಬಿಟ್ಟು ಬಸ್ಸು ಕಳಿಸಿದ್ಯಲ್ಲೇ, ಮಹಾತಾಯಿ."

ಅಕ್ಕನಿಗೆ ಅಳುವಿನ ನಡುವೆ ನಗು ಬಂತು. ನಗುತ್ತಾ ಓಡುವುದು ಕಷ್ಟ, ಆದರೂ ಆಸ್ಪತ್ರೆ ಸ್ಟಾಪಿನವರೆಗೆ ಹಾಗೇ ಓಡಿದರು. ಅಲ್ಲಿ ಅವನ ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿ ಅವನು ಹಿಂದುಳಿದ. ಆಕೆ ತಿರುಗಿ ನೋಡಲಿಲ್ಲ.

ನಿಲ್ದಾಣಕ್ಕೆ ಬಂದಾಗ ಗೇಟು ಇರಲಿಲ್ಲ. ಕಬ್ಬಿಣದ ಕೊಳವೆಗಳನ್ನು ಲಾರಿಗೆ ತುಂಬುತ್ತಿದ್ದರು. ಗೇಟಿದ್ದ ಜಾಗದಲ್ಲಿ ನೆಲದ ಮೇಲೆ ಸುಣ್ಣದ ಒಂದು ಗೆರೆ ಉಳಿದಿತ್ತು. ಅಕ್ಕ ಅದನ್ನೇ ದಾಟಿ ಮಂಡಿಯ ಮೇಲೆ ಕೈಯೂರಿ ನಿಂತಳು. ಮುಂದೆ ಹದಿನೇಳು ನಿಂತಿತ್ತು, ಎಂಜಿನ್ನು ಇನ್ನೂ ಆರಿಸಿರಲಿಲ್ಲ. ಅದರ ಪಕ್ಕ ಮ್ಯಾನೇಜರು, ಜೊತೆಗೆ ಆ ನರೆಗೂದಲಿನವರು, ಕೈಯಲ್ಲಿ ನೀರಿನ ಲೋಟ. ಅವರೇ ಎಲ್ಲ ಹೇಳಿಬಿಟ್ಟಿದ್ದರು ಅಂತ ಮ್ಯಾನೇಜರ ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಗೇಟು ದಾಟೋಕೆ ಆಗಲಿಲ್ಲ ಸಾರ್," ಅಂದಳು ಅಕ್ಕ. ನೆಪ ಹೇಳಲಿಲ್ಲ.

ಮ್ಯಾನೇಜರು ಎಂದೂ ಇಲ್ಲದ ಹಾಗೆ ಮಾತಿಗೆ ತಡಕಾಡಿದರು.

"ಗೇಟು ಅವರದು," ಅಂದರು. "ಬಸ್ಸು ನಂದು. ಆ ಕಾಗದ ನನ್ನ ಮೇಜಿನ ಮೇಲೇ ಇದೆ, ನಾಳೆ ಬಂದು ನಿಮ್ಮ ಕೈಯಾರೆ ಹರೀರಿ. ಮೊದಲನೇ ಟ್ರಿಪ್ಪು ಆರು ಗಂಟೆಗೆ. ಲೇಟಾಗಬೇಡಿ."

ಡ್ರೈವರಣ್ಣ ಕಿಟಕಿಯಿಂದ ತಲೆ ಹೊರಗೆ ಹಾಕಿ, ಎಂಜಿನ್ ಎಷ್ಟು ಹೊತ್ತು ಹೀಗೇ ಇರಬೇಕು ಅಂತ ಗೊಣಗಿದ. ಆಕೆ ಸೀಟಿ ತೆಗೆದು ಒಂದೇ ಒಂದು ಸಲ ಊದಿದಳು. ಎಂಜಿನ್ನು ಆರಿತು.

ಆಮೇಲೆ ಆಕೆ ಬಸ್ಸು ಹತ್ತಿದಳು. ಕೂರುವುದಕ್ಕಲ್ಲ. ಟ್ರಿಪ್ಪು ಮುಗಿದ ಮೇಲೆ ಸೀಟಿನ ಕೆಳಗೆಲ್ಲ ಬಗ್ಗಿ ನೋಡುವುದು ಕಂಡಕ್ಟರ ಕೆಲಸ. ಕಂಬಿ ಹಿಡಿಯದೆ ಮೆಟ್ಟಿಲು ಏರಿ, ಒಂದೊಂದೇ ಸಾಲು ನೋಡುತ್ತಾ ಹೋದಳು. ಹಿಂದಿನಿಂದ ಮೂರನೇ ಸೀಟಿನ ಕೆಳಗೆ ಆ ಹುಡುಗಿಯ ಒಂದು ಬೂಟು ಬಿದ್ದಿತ್ತು. ಅದನ್ನು ತಂದು ಬಾನೆಟ್ಟಿನ ಮೇಲಿಟ್ಟಳು.

"ಕೌಂಟರಿಗೆ ಕೊಡಬೇಕು ಅಣ್ಣ, ಕೇಳ್ಕೊಂಡು ಬರ್ತಾಳೆ."

"ಕೌಂಟರಲ್ಲಿ ನಾಳೆ ಯಾರಿರ್ತಾರೆ?" ಅಂತ ಕೇಳಿದ ಡ್ರೈವರಣ್ಣ.

"ಯಾರೋ ಇರ್ತಾರೆ," ಅಂದಳು ಸೀಟಿಯಕ್ಕ. "ನಾನಿರಲ್ಲ."